ಮೊದಲಕ್ಷರ ಕೊಟ್ಟರೆ ಸಾಕು

ಬೆಳಗಿನ ಪತ್ರಿಕೆ ನಮ್ಮ ಶಿಕಾರಿಪುರಕ್ಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಆದರೂ ಅದನ್ನು ನಾವೆಲ್ಲ ಬೆಳಗಿನ ಪತ್ರಿಕೆಯೆಂದೇ ಕರೆಯುತ್ತಿದ್ದೆವು. ಮೊಮ್ಮಕ್ಕಳಾದ ಮೇಲೂ ಕೆಲವರು ಮನೆಯವರ ಬಾಯಲ್ಲಿ ‘ಪಾಪಣ್ಣ’ನಾಗಿಯೇ ಉಳಿದುಬಿಡುವುದಿಲ್ಲವೇ, ಹಾಗೆ. ತಡವಾಗಿ ಬರುವ ಪತ್ರಿಕೆಯಿಂದ ಒಂದು ಅನುಕೂಲವೂ ಇದೆ. ಅದರೊಳಗಿನ ಸುದ್ದಿ ಅಷ್ಟರಲ್ಲಿ ರೇಡಿಯೋ ಇದ್ದವರ ಬಾಯಿಂದ ಊರೆಲ್ಲ ಹರಡಿ ಹಳಸಿರುವುದರಿಂದ, ಮೊದಲ ಪುಟದ ಹಂಗಿಲ್ಲದೆ ನೇರವಾಗಿ ಪದಬಂಧದ ಪುಟಕ್ಕೆ ಹೋಗಬಹುದು. ದೇಶದ ವಿಚಾರ ಬಿಟ್ಟು ಚೌಕ ತುಂಬುತ್ತ ಕೂತಿದ್ದಾನೆಂದು ಯಾರೂ ಆಡಿಕೊಳ್ಳುವಂತಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಕನ್ನಡ ಶಬ್ದಭಂಡಾರವನ್ನು ಭಂಡಾರವೆಂದು ಕರೆದರೆ ಆ ಪದಕ್ಕೇ ಅವಮಾನ. ಶಬ್ದದ ಡಬ್ಬಿ ಎನ್ನಬಹುದು, ಅದೂ ಮುಚ್ಚಳ ಸರಿಯಾಗಿ ಕೂರದ್ದು. ಅಂಥವನಿಗೆ ಪದಬಂಧದ ಹುಚ್ಚು ಹೇಗೆ ಹಿಡಿಯಿತೆಂದರೆ, ಈಜು ಬಾರದವನಿಗೆ ಕೆರೆಯ ಹುಚ್ಚು ಹಿಡಿಯುವ ಹಾಗೆಯೇ. ಪತ್ರಿಕೆ ಹಂಚುತ್ತಿದ್ದ ಈರಪ್ಪ, ಬಸ್ಸಿನ ಹತ್ತಿರವೇ ಕಾದು ನಿಂತಿರುತ್ತಿದ್ದ ನನ್ನನ್ನು ನೋಡಿ, “ಬಂದೈತಿ ತಗೋರಿ ಮೇಷ್ಟ್ರೆ, ನಿಮ್ಮ ಚೌಕಾಬಾರ” ಎಂದು ಕೈಗಿಡುತ್ತಿದ್ದ.

ಕನ್ನಡ ನಾಡು ಒಂದಾದ ಹೊಸತು. ಪದಬಂಧ ಕಟ್ಟುವ ಮಹಾನುಭಾವ (ಆತನ ಹೆಸರನ್ನು ಪತ್ರಿಕೆ ಎಂದೂ ಅಚ್ಚು ಹಾಕಲಿಲ್ಲ, ಪ್ರಾಯಶಃ ಆತನ ಕ್ಷೇಮದ ದೃಷ್ಟಿಯಿಂದ) ಆ ಏಕೀಕರಣವನ್ನು ಚೌಕಗಳಲ್ಲೂ ಸಾಧಿಸಿಬಿಡಬೇಕೆಂದು ಹೊರಟಂತಿತ್ತು. ಅಡ್ಡಸಾಲಿನಲ್ಲಿ ಧಾರವಾಡದ ಮಾತು, ಅದನ್ನು ಸೀಳಿಕೊಂಡು ಇಳಿಯುವ ಸಾಲಿನಲ್ಲಿ ಮಂಗಳೂರಿನ ಮಾತು, ಅವೆರಡೂ ಕೂಡುವ ಮನೆಯಲ್ಲಿ ಹಳಗನ್ನಡದ ಯಾವುದೋ ಒತ್ತಕ್ಷರ. ಸುಳಿವುಗಳೋ, ಸುಳಿಗಳೇ. ‘ಕೊಳದಲ್ಲಿ ಹುಟ್ಟಿದ್ದು; ತಲೆ ತೆಗೆದರೆ ಕೊಳೆ’ ಎಂದು ಒಂದು ದಿನ ಕೊಟ್ಟಿದ್ದ. ನಾನು ವಿಜ್ಞಾನದವನಾದ್ದರಿಂದ ಕೊಳದ ಮೀನು, ಕಪ್ಪೆ, ಏಡಿಗಳನ್ನೆಲ್ಲ ಹಿಡಿದು ಅವುಗಳ ತಲೆ ತೆಗೆಯುತ್ತ ಸಂಜೆಯವರೆಗೂ ಕೂತೆ. ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಸುಮತಿ ತಲೆಯೆತ್ತದೆ, “ಕಮಲ ಅಲ್ವೇನ್ರೀ? ‘ಕ’ ತೆಗೆದ್ರೆ ಮಲ” ಎಂದಳು.

ಹೀಗೆ ನನ್ನ ಅರ್ಧದಷ್ಟು ಚೌಕಗಳನ್ನು ಸುಮತಿ ತುಂಬುತ್ತಿದ್ದಳು. ಅವಳಿಗೂ ಬಗ್ಗದೆ ಉಳಿದವುಗಳನ್ನು ವಾರವಿಡೀ ಕೂಡಿಟ್ಟು, ಭಾನುವಾರ ಬಸ್ಸು ಹತ್ತಿ, ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗಿ ಅವಳ ತಂದೆಯ ಮುಂದೆ ಹರಡುತ್ತಿದ್ದೆವು. ಮಗಳು ತವರಿಗೆ ಪ್ರತಿವಾರ ಬರುತ್ತಾಳೆಂದರೆ ಜನ ನಾನಾ ಅರ್ಥ ಕಲ್ಪಿಸುತ್ತಾರೆ. ಅಳಿಯನೇ ಪ್ರತಿವಾರ ಬರುತ್ತಾನೆಂದರೆ ಅರ್ಥವಾಗದೆ ಸುಮ್ಮನಾಗುತ್ತಾರೆ.

ನಮ್ಮ ಮಾವನವರು ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಪಾಠದ ಹಸಿವು ತೀರದೆ ತಾಳಮದ್ದಳೆಗಳಲ್ಲಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಬರೀ ಕೂತು ಮಾತಿನಿಂದಲೇ ಕುರುಕ್ಷೇತ್ರ ಕಟ್ಟಬೇಕಾದ ಕಲೆ ಅದು. ಕುಪ್ಪಗಡ್ಡೆಯಲ್ಲಿ ಒಮ್ಮೆ ಇವರು ಸಂಧಾನಕ್ಕೆ ಹೋದ ಕೃಷ್ಣನಾಗಿ ಮಾತಾಡಿದಾಗ, ಎದುರಿಗೆ ಕೌರವನಾಗಿ ಕೂತಿದ್ದವರು ವಾದ ಮರೆತು ‘ಹೌದ್ಹೌದು’ ಎಂದುಬಿಟ್ಟಿದ್ದರಂತೆ; ಯುದ್ಧವೇ ನಿಂತುಹೋಗುವುದಿತ್ತು. ಅಂಥವರಿಗೆ ಪದಬಂಧ ಯಾವ ಲೆಕ್ಕ? ನಾನು ಸುಳಿವನ್ನು ಓದಿ ಮುಗಿಸುವಷ್ಟರಲ್ಲಿ ಉತ್ತರ ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು, ಜೊತೆಗೆ ಒಂದು ಚಿವುಟೂ ಇರುತ್ತಿತ್ತು.

“ತಿಥಿ ನೋಡದೆ ಮನೆಗೆ ಬರುವವನು. ಮೂರಕ್ಷರ. ಯಾರು ಮಾವ?”

“ನೀವೇ ಮಾರಾಯ್ರೆ! ಏಕಾದಶಿ ಇಲ್ಲ, ಅಮಾಸೆ ಇಲ್ಲ, ಭಾನುವಾರ ಆದ್ರೆ ಬಂದ್ರಿ. ‘ಅತಿಥಿ’ ಅಂತ ಬರ್ಕಳಿ.”

ನಾನು ಬರೆದುಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೆ ಚೌಕ ತುಂಬಿದ ತೃಪ್ತಿಯ ಮುಂದೆ ನಾಚಿಕೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಈರಪ್ಪ ಪತ್ರಿಕೆಯನ್ನು ಕೈಗಿಡದೆ ಕಂಕುಳಲ್ಲೇ ಹಿಡಿದು ಹತ್ತಿರ ಬಂದ. “ಮೇಷ್ಟ್ರೆ, ಪೇಪರ್ ಆಮ್ಯಾಲೆ ನೋಡುವಿರಂತ. ಸೊರಬದ ಬಸ್ಸಿನಾಗ ಸುದ್ದಿ ಬಂದೈತ್ರೀ. ನಿಮ್ಮ ಮಾವನೋರಿಗೆ ಲಕ್ವ ಹೊಡದೈತಂತ. ಈಗ್ಲೇ ಹೊಂಟ್ಬಿಡ್ರಿ, ಬಸ್ಸು ನಾ ನಿಲ್ಲಿಸಿರ್ತೀನಿ.”

ನಾವು ಹೋಗಿ ನೋಡಿದಾಗ ಅವರು ಚಾಪೆಯ ಮೇಲೆ ಮಲಗಿದ್ದರು. ಬಲಗೈ ಬಲಗಾಲುಗಳು ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿದ್ದವು. ಕಣ್ಣಲ್ಲಿ ಗುರುತಿತ್ತು. ಮಗಳನ್ನು ನೋಡಿ ಏನೋ ಹೇಳಲು ಹೊರಟರು. ಬಂದದ್ದು “ಅದೇ” ಎಂಬ ಒಂದೇ ಮಾತು. ತಮ್ಮ ಬಾಯಿಂದ ಬಂದದ್ದನ್ನು ಕೇಳಿ ತಾವೇ ಬೆಚ್ಚಿ, ಮತ್ತೆ ಪ್ರಯತ್ನಿಸಿದರು. “ಅದೇ... ಅದೇ.” ಸರ್ಕಾರಿ ಆಸ್ಪತ್ರೆಯ ಡಾಕ್ಟರು ನನ್ನನ್ನು ಹೊರಗೆ ಕರೆದು, “ಬುದ್ಧಿಗೆ ಏನೂ ಆಗಿಲ್ಲ. ನೀವು ಹೇಳೋದೆಲ್ಲ ತಿಳಿಯುತ್ತೆ. ಮಾತು ಬರೋ ದಾರಿ ಕಟ್ಟಿದೆ. ಯಾವಾಗ ಬಿಡುತ್ತೆ, ಬಿಡುತ್ತೋ ಇಲ್ವೋ, ಹೇಳೋಕಾಗಲ್ಲ” ಎಂದರು.

ಕಾಲು ಬೇಗನೇ ಕರುಣೆ ತೋರಿತು. ಚಳಿ ಮುಗಿಯುವ ಹೊತ್ತಿಗೆ ಕೋಲೂರಿಕೊಂಡು ಹಜಾರದ ಕಿಟಕಿಯ ಪಕ್ಕದ ಆರಾಮಕುರ್ಚಿಯವರೆಗೆ ನಡೆದುಬರುವಂತಾದರು. ಮಾತು ಮಾತ್ರ ಬರಲಿಲ್ಲ. ನೀರಿಗೂ ‘ಅದೇ’, ಕಾಫಿಗೂ ‘ಅದೇ’, ಕಾಫಿ ತಣ್ಣಗಿದೆಯೆಂಬುದಕ್ಕೂ ‘ಅದೇ’. ಬರೆದು ತೋರಿಸೋಣವೆಂದರೆ ಬಲಗೈ ಇಲ್ಲ. ಎಡಗೈಯಲ್ಲಿ ಬಳಪ ಹಿಡಿಸಿದರೆ ಅಕ್ಷರವೂ ಮಾತಿನ ಹಾಗೆಯೇ ಎಲ್ಲೋ ಅಡಗಿ ಕೂತಿತ್ತು. ನೋಡಲು ಬಂದವರು, ಮಾತು ಬಾರದವರಿಗೆ ಕಿವಿಯೂ ಕೇಳುವುದಿಲ್ಲವೆಂಬ ಭಾವನೆಯಿಂದ, “ಊಟ ಆಯ್ತಾ ಪಂಡಿತ್ರೇ” ಎಂದು ಕೂಗುತ್ತಿದ್ದರು. ಅವರ ಮುಂದೆ ಕೂತು ಅರ್ಥ ಕೇಳಿದವರೇ, ಈಗ ಮಗುವಿಗೆ ಹೇಳುವ ಹಾಗೆ, “ಜಾಣ, ಜಾಣ” ಎನ್ನುತ್ತಿದ್ದರು. ಬರಬರುತ್ತ, ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಮಾವ ಕೋಲು ಹುಡುಕಿಕೊಂಡು ಒಳಕೋಣೆಗೆ ಹೋಗಿಬಿಡುತ್ತಿದ್ದರು. ಬಾಗಿಲು ಹಾಕಿಕೊಳ್ಳುವುದನ್ನು ಎಡಗೈಯಲ್ಲಿ ಬೇಗ ಕಲಿತರು.

ನಮ್ಮ ಭಾನುವಾರದ ಭೇಟಿ ಮಾತ್ರ ತಪ್ಪಲಿಲ್ಲ. ಪತ್ರಿಕೆಯೂ ಅಭ್ಯಾಸಬಲದಿಂದ ಚೀಲದಲ್ಲಿ ಬರುತ್ತಿತ್ತು, ಆದರೆ ಅವರ ಮುಂದೆ ಬಿಚ್ಚುವ ಧೈರ್ಯವಿರಲಿಲ್ಲ. ಒಂದು ಭಾನುವಾರ, ಅತ್ತೆ ಒಳಗೆ ಅಡಿಗೆಯಲ್ಲಿದ್ದಾಗ, ಅವರು ಕಣ್ಣು ಮುಚ್ಚಿ ಕೂತಿದ್ದಾರೆಂದು ನಾನೂ ಸುಮತಿಯೂ ಹಜಾರದ ಮೂಲೆಯಲ್ಲಿ ಮೆಲ್ಲಗೆ ಪದಬಂಧ ಹರಡಿಕೊಂಡೆವು. ‘ನೂರರಲ್ಲೊಬ್ಬ’ ಎಂಬುದಕ್ಕೆ ಸುಮತಿ ‘ಕೌರವ’ ಎಂದು ತುಂಬಿದಳು. ಆ ‘ಕೌ’ನಿಂದಲೇ ಕೆಳಗಿಳಿಯಬೇಕಾದ ಇನ್ನೊಂದು ಪದಕ್ಕೆ ಸುಳಿವು ‘ಬೆಳದಿಂಗಳು’. ನನ್ನ ಡಬ್ಬಿಯಲ್ಲಿದ್ದದ್ದು ‘ಚಂದ್ರಿಕೆ’ ಒಂದೇ. ಅದನ್ನು ಹಾಕಿದರೆ ಕೌರವ ಸಾಯುತ್ತಿದ್ದ.

“ಕೌ... ಕೌ... ಏನಿರಬಹುದೇ ಇದು, ಕೌ?” ಎಂದೆ.

“ಕಾಗೆ ಹಾಗೆ ಕೂಗ್ಬೇಡಿ, ಅಪ್ಪ ಮಲಗಿದಾರೆ” ಎಂದಳು ಸುಮತಿ.

“ಮುದಿ” ಎಂದು ಕುರ್ಚಿಯಿಂದ ಕೇಳಿಸಿತು.

“ಯಾರಪ್ಪ ಮುದಿ?” ಎಂದು ಸುಮತಿ ಸಹಜವಾಗಿ ಕೇಳಿದಳು. ಕೇಳಿದ ಮೇಲೆ, ಕೇಳಿದ್ದು ಯಾರನ್ನೆಂದು ಹೊಳೆದು ಬಾಯಿ ಮುಚ್ಚಿಕೊಂಡಳು. ಮಾವ ನೆಟ್ಟಗೆ ಕೂತಿದ್ದರು. ನಾನು ಮತ್ತೊಮ್ಮೆ “ಕೌ” ಎಂದೆ. “ಮುದಿ” ಎಂದರು. ಆಮೇಲೆ, ಯಾರ ಮಾತನ್ನೋ ಪರೀಕ್ಷಿಸುವವರಂತೆ ನಿಧಾನವಾಗಿ, “ಕೌ-ಮು-ದಿ.”

ಅತ್ತೆ ಸೌಟು ಹಿಡಿದೇ ಓಡಿಬಂದರು. ಎದುರಿಗಿದ್ದ ತಂಬಿಗೆ ಎತ್ತಿ ತೋರಿಸಿ ಇದೇನೆಂದು ಕೇಳಿದರು. “ಅದೇ” ಎಂದರು ಮಾವ, ಮುಖ ಬಾಡಿತು. ಸುಮತಿ “ತಂ” ಎಂದಳು. “ತಂಬಿಗೆ!” ಅವಳು “ಸೌ” ಎಂದಳು. “ಸೌಟು!” ಅತ್ತೆ ಸೌಟನ್ನು ಕೆಳಗಿಟ್ಟು, ಅಲ್ಲೇ ಗೋಡೆಗೊರಗಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು.

ಪದಗಳೆಲ್ಲ ಒಳಗೇ ಇದ್ದವು. ಮೊದಲಕ್ಷರವೆಂಬ ತುದಿ ಕೈಗೆ ಸಿಕ್ಕರೆ ಎಳೆದುಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ನಮ್ಮಿಬ್ಬರದು ಕುರುಡ-ಕುಂಟರ ಸಹಕಾರ ಸಂಘವಾಯಿತು. ನನಗೆ ಅಕ್ಷರ ಸಿಕ್ಕರೂ ಪದ ಗೊತ್ತಾಗದು. ಅವರಿಗೆ ಪದ ಗೊತ್ತಿದ್ದರೂ ಅಕ್ಷರ ಸಿಗದು. ಇದರಿಂದ ನನ್ನ ವಾರದ ದಿನಚರಿಯೇ ಬದಲಾಯಿತು. ಮೊದಲು ಕಷ್ಟದ ಸಾಲುಗಳನ್ನು ಮಾವನವರಿಗೆಂದು ಸೋಮಾರಿತನದಿಂದ ಬಿಟ್ಟಿಡುತ್ತಿದ್ದವನು, ಈಗ ಅವರಿಗೆ ಮೊದಲಕ್ಷರ ದೊರಕಿಸಲು ಸುತ್ತಲಿನ ಸಾಲುಗಳನ್ನು ಹೇಗಾದರೂ ತುಂಬಲೇಬೇಕಿತ್ತು. ಶಾಲೆಯ ಲೈಬ್ರರಿಯಿಂದ ನಿಘಂಟು ತಂದೆ. ಸಹೋದ್ಯೋಗಿಗಳು ವಿಜ್ಞಾನದ ಮೇಷ್ಟ್ರಿಗೆ ಕವಿತ್ವ ಸೋಂಕಿತೆಂದು ಮರುಗಿದರು.

ಅತ್ತೆಗೆ ಮಾತ್ರ ಇದು ಪೂರ್ತಿ ಹಿಡಿಸಿರಲಿಲ್ಲ. ಒಂದು ಸಲ ಬಾವಿಕಟ್ಟೆಯ ಹತ್ತಿರ ನನಗೆ ಹೇಳಿದರು: “ಕಾಯ್ಲೆ ಬಿದ್ದೋರಿಗೆ ವಾರವಾರ ಪರೀಕ್ಷೆ ಎಂತಕ್ಕೆ? ಉತ್ತರ ಬಂದ ದಿನ ನಿಮಗೂ ಸಂತೋಷ, ಅವರಿಗೂ ಸಂತೋಷ. ಬರದಿದ್ದ ದಿನ ನೀವು ಬಸ್ಸು ಹತ್ತಿ ಹೋಗ್ತೀರಿ. ಆಮೇಲೆ ಆ ಮುಖ ನೋಡ್ಕಂಡು ಇರೋಳು ನಾನು.”

ಅವರು ಹೇಳಿದಂತೆಯೇ ಆಯಿತು. ಮುಂದೊಂದು ಭಾನುವಾರ ಒಯ್ದ ಪದಬಂಧದಲ್ಲಿ ಒಂದು ಮೂಲೆ ನಮಗೆ ಏನೇ ಮಾಡಿದರೂ ಬಗ್ಗಿರಲಿಲ್ಲ; ಮೊದಲಕ್ಷರ ಒದಗಿಸುವಂಥ ಒಂದು ಸಾಲೂ ತುಂಬಿರಲಿಲ್ಲ. ಸುಳಿವು ಹೀಗಿತ್ತು: ‘ಆಚೆಯಿಂದ ನೋಡಿದರೂ ಈಚೆಯಿಂದ ನೋಡಿದರೂ ಒಂದೇ. ಮೂರಕ್ಷರ.’ ಓದಿದ ಕೂಡಲೇ ಮಾವನವರ ಕಣ್ಣು ಹೊಳೆಯಿತು. ಎಡಗೈ ಎತ್ತಿ ಪಕ್ಕದ ಕಿಟಕಿಯತ್ತ ತೋರಿಸಿ, “ಅದೇ!” ಎಂದರು.

ನಾನು ಎದ್ದು ಹೊರಗೆ ನೋಡಿದೆ. ಬೀದಿಯಲ್ಲಿ ಒಂದು ಎತ್ತಿನ ಗಾಡಿ ಹೋಗುತ್ತಿತ್ತು. “ಗಾಡಿಯಾ ಮಾವ?” ಎಂದೆ. ಅಲ್ಲವೆಂದು ತಲೆಯಾಡಿಸಿದರು. “ಬೀದಿ? ಬಿಸಿಲು? ಆಕಾಶ?” ಅಲ್ಲ, ಅಲ್ಲ. ಕೈ ಮತ್ತೆ ಅಲ್ಲಿಗೇ ಹೋಯಿತು. “ಅದೇ! ಅದೇ!”

“ಗಾಳಿ ಜೋರಾಯ್ತು ಅನ್ಸುತ್ತೆ, ಹಾಕ್ಬಿಡಿ” ಎಂದರು ಅತ್ತೆ. ನಾನು ಕಿಟಕಿ ಹಾಕಿದೆ. ಮಾವ ಮುಷ್ಟಿಯಿಂದ ಅದರ ಚೌಕಟ್ಟನ್ನು ಗುದ್ದಿದರು. ಸೆಖೆಯಾಯಿತೇನೋ ಎಂದು ತೆರೆದೆ. ಮತ್ತೆ ಗುದ್ದಿದರು. ಹಾಕಿದೆ. ತೆರೆದೆ. ಕೊನೆಗೆ ನನ್ನ ವಿಜ್ಞಾನಬುದ್ಧಿ ಕ್ರಮಬದ್ಧವಾಗಿ ಹೋಗೋಣವೆಂದು ನಿರ್ಧರಿಸಿತು, “ಅ? ಆ? ಇ? ಈ?” ಎಂದು ವರ್ಣಮಾಲೆ ಶುರುಮಾಡಿದೆ. ಸ್ವರಗಳು ಮುಗಿಯುವ ಮೊದಲೇ ಮಾವನವರು ನನ್ನ ಕೈಯಿಂದ ಪತ್ರಿಕೆ ಕಿತ್ತುಕೊಂಡು, ಎಡಗೈಯಲ್ಲೇ ಮುದುರಿ ಉಂಡೆಮಾಡಿ ಎಸೆದರು. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಭುಜ ಅಲುಗುತ್ತಿತ್ತು. ಅವರು ಅಳುವುದನ್ನು ಸುಮತಿ ಅಂದಿನವರೆಗೆ ನೋಡಿರಲಿಲ್ಲ.

ಅತ್ತೆ ಪತ್ರಿಕೆಯ ಉಂಡೆಯನ್ನು ಹೆಕ್ಕಿ ಗೂಡಿನಲ್ಲಿಟ್ಟರು. ನನ್ನತ್ತ ನೋಡದೆ, “ಬರೋ ಭಾನುವಾರ ನೀವು ಬರ್ರಿ. ಪೇಪರ್ ಬರೋದು ಬ್ಯಾಡ” ಎಂದರು.

ಸಂಜೆಯ ಬಸ್ಸಿಗೆ ಹಿಂತಿರುಗಿದೆವು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ, ಕೆಳಗೆ ನಿಂತವರೊಬ್ಬರು ಬಗ್ಗಿ ಒಳಗೆ ನೋಡಿದರು; ಒಳಗಿದ್ದ ಸುಮತಿ ಹೊರಗೆ ನೋಡುತ್ತಿದ್ದಳು. ಇಬ್ಬರ ಮುಖಗಳ ನಡುವೆ ಒಂದು ಚೌಕಟ್ಟು. ಅವಳು ನನ್ನ ತೋಳನ್ನು ನೋಯುವಂತೆ ಹಿಡಿದಳು.

“ರೀ, ಕಿಟಕಿ! ಕಿ-ಟ-ಕಿ! ಆ ಕಡೆಯಿಂದ ಓದಿದ್ರೂ ಅದೇ, ಈ ಕಡೆಯಿಂದ ಓದಿದ್ರೂ ಅದೇ!”

ಅವರು ಉತ್ತರವನ್ನೇ ಗುದ್ದಿ ಗುದ್ದಿ ತೋರಿಸುತ್ತಿದ್ದರು; ನಾನು ಆ ಉತ್ತರವನ್ನು ತೆರೆದು, ಹಾಕಿ, ತೆರೆದು, ಹಾಕಿ ಮಾಡಿದ್ದೆ. ಮೊದಲಕ್ಷರ ಕೊಡಬೇಕಾದವನಿಗೆ ಪದ ಗೊತ್ತಿರಬೇಕು. ಪದ ಗೊತ್ತಿದ್ದವರಿಗೆ ನಾನು ಬೇಕು. ನಮ್ಮ ಸಹಕಾರ ಸಂಘದ ನಿಯಮಾವಳಿಯಲ್ಲೇ ತೂತಿತ್ತು.

ಮುಂದಿನ ಭಾನುವಾರ ಪತ್ರಿಕೆಯಿಲ್ಲದೆ ಹೋದೆವು. ಕೈ ಖಾಲಿಯೆನಿಸಿ ಬಾಳೆಹಣ್ಣು ಹಿಡಿದುಕೊಂಡೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅತ್ತೆಯ ಧ್ವನಿ ಬಂತು: “ಬೆಳಿಗ್ಗೆ ಎದ್ದ ಕೂಡ್ಲೆ ನನ್ನ ಮೇಲೆ ಎಂತ ಕೂಗಾಡ್ತಿದ್ರಿ? ‘ಮತ್ತೆ ಎಲ್ಲಿಟ್ಟೆ ಮಾರಾಯ್ತಿ ನನ್ನ...’ ”

“ಕನ್ನಡಕ” ಎಂದಿತು ಮಾವನವರ ಧ್ವನಿ.

“ಹ್ಞಾ. ನಾಲ್ಕಕ್ಷರ. ಸರಿಯಾಗಿ ಕೂತ್ಕಂತು.”

ನಾವು ಹೊಸ್ತಿಲಲ್ಲೇ ನಿಂತೆವು. ಪಂಚಾಂಗ ಬಿಟ್ಟರೆ ಬೇರೆ ಯಾವುದನ್ನೂ ಬಿಡಿಸಿ ಓದುತ್ತಿರದ ಅತ್ತೆ, ಮಾವನವರ ಕನ್ನಡಕವನ್ನೇ ಹಾಕಿಕೊಂಡು, ಮೊಣಕಾಲ ಮೇಲೆ ಪತ್ರಿಕೆ ಹರಡಿ, ಪೆನ್ಸಿಲು ಹಿಡಿದು ಕೂತಿದ್ದರು. ನಮ್ಮನ್ನು ಕಂಡು ಸಂಕೋಚಪಟ್ಟರೂ ಪತ್ರಿಕೆಯನ್ನು ಮುಚ್ಚಲಿಲ್ಲ.

ನಡೆದದ್ದನ್ನು ಅವರೇ ಹೇಳಿದರು. ನಾವು ಹೋದ ಮೇಲೆ ಮಾವ ಊಟವನ್ನೂ ಸರಿಯಾಗಿ ಮಾಡಲಿಲ್ಲವಂತೆ. ಎರಡು ದಿನ ಕಳೆದ ಮೇಲೆ ಒಂದು ಸಂಜೆ, ತಾವೇ ಗೂಡಿನಿಂದ ಆ ಉಂಡೆಯನ್ನು ತೆಗೆದು, ಕುರ್ಚಿಯ ಕೈಮೇಲೆ ಉಜ್ಜಿ ಉಜ್ಜಿ ನೇರ ಮಾಡಿ, ದೀಪ ಹಚ್ಚಲು ಬಂದ ಅತ್ತೆಯ ಕೈಗಿಟ್ಟು, ಅವರ ಬೆರಳನ್ನು ಆ ಸುಳಿವಿನ ಮೇಲೆ ಒತ್ತಿದರಂತೆ. ಅತ್ತೆ ಕೂಡಿಸಿ ಕೂಡಿಸಿ ಓದಿದರು. ಕಿಟಕಿಯತ್ತ ನೋಡಿದರು. ಅವರಿಗೂ ಅಕ್ಷರದ ಲೆಕ್ಕವೇನೂ ಹೊಳೆಯಲಿಲ್ಲ. ಆದರೆ ಮದುವೆಯಾಗಿ ಬಂದಂದಿನಿಂದ ದೀಪ ಹಚ್ಚುವ ಹೊತ್ತಿಗೆ ದಿನಾ ಕೇಳುತ್ತಿದ್ದ ಒಂದು ಮಾತು ನೆನಪಾಗಿ, ಸುಮ್ಮನೆ, “ಸೊಳ್ಳೆ ಬರ್ತವೆ...” ಎಂದರು.

“ಕಿಟಕಿ ಹಾಕು” ಎಂದರಂತೆ ಮಾವ.

“ನೀವು ಅಕ್ಷರ ಹುಡುಕ್ತಾ ಕೂತ್ರಿ” ಎಂದು ಅತ್ತೆ ನನಗೆ ತಿಳಿಹೇಳಿದರು. “ಇವರು ಯಾವತ್ತು ಅಕ್ಷರದಲ್ಲಿ ಮಾತಾಡಿದ್ರು? ಶುರು ಮಾಡಿದ್ರೆ ಪುರಾಣ. ಅದಕ್ಕೇ ನಾನು ಪುರಾಣದ ತುದಿ ಹಿಡಿಸ್ತೀನಿ, ಉಳಿದದ್ದು ಅವರೇ ಹೇಳ್ತಾರೆ.” ಮರುದಿನದಿಂದ ಪಕ್ಕದ ಮನೆಯವರು ಓದಿ ಮುಗಿಸಿದ ಪತ್ರಿಕೆಯನ್ನು ದಿನವೂ ತರಿಸುತ್ತಿದ್ದರು.

ನಾನು ನಿಘಂಟಿನಲ್ಲಿ ಹುಡುಕುತ್ತಿದ್ದದ್ದನ್ನು ಅವರು ಸಂಸಾರದಲ್ಲಿ ಹುಡುಕಿಕೊಂಡಿದ್ದರು. ಬಾವಿಯ ಹಗ್ಗ ತುಂಡಾದ ದಿನದ ಬೈಗುಳ, ಸುಮತಿಯನ್ನು ತೊಟ್ಟಿಲಿಗೆ ಹಾಕಿದಾಗಿನ ಜೋಗುಳ, ಪ್ರಯಾಣಕ್ಕೆ ಹೊರಡುವಾಗ ಹೇಳುತ್ತಿದ್ದ ಎಚ್ಚರಿಕೆ, ಸಾರಿಗೆ ಉಪ್ಪು ಕಡಿಮೆಯಾದಾಗಿನ ವ್ಯಂಗ್ಯ. ಇವುಗಳ ಮೊದಲರ್ಧವನ್ನು ಅವರು ಹೇಳಿದರೆ ಎರಡನೆಯರ್ಧದಲ್ಲಿ ಎಲ್ಲೋ ಬೇಕಾದ ಪದ ಕೂತಿರುತ್ತಿತ್ತು. ಸಿಗದಿದ್ದ ದಿನ, “ಹೋಗ್ಲಿ ಬಿಡಿ, ಮುಂದಿನ ವಾರ ಪೇಪರಿನೋರೇ ಉತ್ತರ ಹಾಕ್ತಾರೆ” ಎಂದು ಪತ್ರಿಕೆ ಮಡಚುತ್ತಿದ್ದರು. ಆ ಮಾತನ್ನು ಅಷ್ಟು ಹಗುರಾಗಿ ಹೇಳಲು ನನಗೆ ಎಂದೂ ಬಂದಿರಲಿಲ್ಲ. ಮಾವನವರೂ, ‘ಅದೇ’ ಎಂದು, ಅಷ್ಟೇ ಹಗುರಾಗಿ ಒಪ್ಪುತ್ತಿದ್ದರು.

ಅವರ ಮಾತು ಪೂರ್ತಿಯಾಗಿ ಮರಳಲಿಲ್ಲವೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಣ್ಣ ವಾಕ್ಯಗಳು ಬಂದವು. ಅರ್ಥ ಹೇಳುವ ಕಾಲ ಮುಗಿದಿತ್ತು. ಆದರೆ ಮಳೆಗಾಲ ಬರುವಷ್ಟರಲ್ಲಿ ಯಾರಾದರೂ ಬಂದರೆ ಒಳಕೋಣೆಗೆ ಎದ್ದು ಹೋಗುವುದನ್ನು ಬಿಟ್ಟರು. ಬಂದವರು ಕೂಗಿದರೆ, ಅತ್ತೆ ಅವರಿಗಿಂತ ಜೋರಾಗಿ, “ಕಿವಿ ನೆಟ್ಟಗಿದೆ ಅವರದ್ದು!” ಎನ್ನುತ್ತಿದ್ದರು. ನನ್ನ ಸ್ಥಿತಿಯೇ ಚಿಂತಾಜನಕವಾದದ್ದು. ನನಗೆ ಸಹಾಯ ಮಾಡಲು ಸೊರಬದಲ್ಲಿ ಈಗ ಯಾರಿಗೂ ಪುರುಸೊತ್ತಿರಲಿಲ್ಲ. ನಾವು ತಲುಪುವ ಹೊತ್ತಿಗೆ ಅವರದು ತುಂಬಿ ಮುಗಿದಿರುತ್ತಿತ್ತು, ನನ್ನದನ್ನು ಅತ್ತೆ ಕನ್ನಡಕದ ಮೇಲಿನಿಂದ ನೋಡಿ, “ಇಷ್ಟು ಖಾಲಿ ಇದೆಯಾ ನಿಮ್ಮದು?” ಎಂದು ಕೇಳುತ್ತಿದ್ದರು.

ಒಂದು ಭಾನುವಾರ ಮಾತ್ರ ಅವರ ಪತ್ರಿಕೆಯಲ್ಲೂ ಒಂದು ಸಾಲು ಖಾಲಿಯಿತ್ತು. ಸುಮತಿ ಬಗ್ಗಿ ಅದರ ಸುಳಿವನ್ನು ಗಟ್ಟಿಯಾಗಿ ಓದಿದಳು: “ಅಣ್ಣನಿಗೆ ಹೇಳದೆ ಓಲೆ ಕಳಿಸಿ ರಥ ಹತ್ತಿದವಳು. ಮೂರಕ್ಷರ.” ಓದಿದವಳೇ ಅಮ್ಮನ ಮುಖ ನೋಡಿ ನಗತೊಡಗಿದಳು.

“ಅದೊಂದು ಬಿಡೆ. ಹಾಗೇ ಇರ್ಲಿ” ಎಂದರು ಅತ್ತೆ.

ನಮ್ಮ ಅತ್ತೆಯ ಹೆಸರು ರುಕ್ಮಿಣಿ. ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಆ ಮನೆಯಲ್ಲಿ ರೂಢಿಯಿರಲಿಲ್ಲ. ಮಾವನವರಿಗೆ ಅವರು ಎಂದಿಗೂ ‘ಇವಳೇ’, ಬಹಳ ಪ್ರೀತಿ ಬಂದರೆ ‘ಮಾರಾಯ್ತಿ’. ಹೀಗಾಗಿ ಆ ಸಾಲಿಗೆ ಸಹಾಯವೇ ಇರಲಿಲ್ಲ. ಮೊದಲಕ್ಷರ ಕೊಡೋಣವೆಂದರೆ ಅಳಿಯನಾದ ನಾನು ಅತ್ತೆಯ ಹೆಸರನ್ನು ಅವರೆದುರಿಗೇ ಹೇಗೆ ಎತ್ತಲಿ? ವಾಕ್ಯದ ತುದಿ ಹಿಡಿಸೋಣವೆಂದರೆ, ಅಷ್ಟು ವರ್ಷಗಳ ಯಾವ ವಾಕ್ಯದಲ್ಲೂ ಆ ಹೆಸರು ಬಂದೇ ಇರಲಿಲ್ಲ. ಅತ್ತೆ ಪತ್ರಿಕೆ ಮಡಚಲು ಹೋದರು.

ಮಾವನವರು ಕೈ ಅಡ್ಡ ಹಿಡಿದು ತಡೆದರು. ಅವರ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

“ರುಕ್ಮಿಣಿ” ಎಂದರು.

ಒತ್ತಕ್ಷರ ಸ್ಪಷ್ಟವಾಗಿತ್ತು. ಪುರಾಣದವಳನ್ನು ಹೇಳಿದರೋ, ಎದುರಿಗೆ ಕೂತವರನ್ನು ಕರೆದರೋ ನಾನು ಕೇಳಲಿಲ್ಲ. ಅವರ ಕಣ್ಣಂತೂ ಪತ್ರಿಕೆಯ ಮೇಲಿರಲಿಲ್ಲ.

“ಅಯ್ಯೋ, ಅಳಿಯಂದ್ರು ಕೂತಿದಾರೆ!” ಎಂದರು ಅತ್ತೆ. ಆಮೇಲೆ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಆ ಮೂರು ಮನೆಗಳಲ್ಲಿ ಒಂದೊಂದಾಗಿ, ತಪ್ಪಿಲ್ಲದಂತೆ, ತಮ್ಮ ಹೆಸರು ಬರೆದುಕೊಂಡರು.